ಅಜ್ಜಿಯ ಮೂಗು, ನನ್ನ ಮುಖ

ಕಳೆದ ವರ್ಷ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಮೂಗಿನದ್ದೇ ಸುದ್ದಿ. ಮೂವತ್ತೆರಡನೆಯ ವಯಸ್ಸಿನಲ್ಲಿ, ನನ್ನದೇ ಸಂಪಾದನೆಯಲ್ಲಿ ಮೂಗಿನ ಆಪರೇಷನ್ ಮಾಡಿಸಿಕೊಂಡೆ. ಉಸಿರಾಟದ ತೊಂದರೆ ಇತ್ತು ಎಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಅಂಥದ್ದೇನೂ ಇರಲಿಲ್ಲ. ಮೂಗಿನ ನಡುವಿನ ಉಬ್ಬು ನನಗೆ ಬೇಡವಾಗಿತ್ತು, ಅಷ್ಟೇ. ಕೇಳಿದವರು ಮೂಗು ಮುರಿದರು.

ಅಮ್ಮನ ನೋವು ಬೇರೆ. "ಎಂತಕ್ಕೆ ಮಗಾ? ಅದು ನಿನ್ನ ಅಜ್ಜಿಯ ಮೂಗು. ಅವರು ಹೋದ ಮೇಲೆ ನಿನ್ನ ಮುಖದಲ್ಲಾದರೂ ಕಾಣ್ತಿದ್ರು." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಡಾಕ್ಟರು ಮೊದಲು ಕೇಳಿದ್ದು, "ಯಾರಾದರೂ ಒತ್ತಾಯ ಮಾಡಿದ್ದಾರಾ?" ಎಂದು. ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರವನ್ನು ಗ್ಯಾರಂಟಿ ಅಂದುಕೊಳ್ಳಬೇಡಿ ಎಂದೂ ಹೇಳಿದರು. ಬರೀ ಅಂದಕ್ಕಾಗಿ ಮಾಡಿಸುವುದಕ್ಕೆ ಇನ್ಶೂರೆನ್ಸ್ ಸಿಗುವುದಿಲ್ಲ, ಎಲ್ಲ ಕೈಯಿಂದಲೇ.

ಪ್ರಜ್ಞೆ ತಪ್ಪಿಸಿ ಉಬ್ಬಿದ ಮೂಳೆಯನ್ನು ತರಿದರು. ನೋವು ಅಂದುಕೊಂಡಷ್ಟು ಇರಲಿಲ್ಲ. ಕಷ್ಟವಾದದ್ದು ಬಾಯಿಯಿಂದ ಉಸಿರಾಡುವುದು. ಮೂಗು ಸೀಟುವಂತಿಲ್ಲ, ಬಗ್ಗುವಂತಿಲ್ಲ, ತಲೆ ಎತ್ತರಿಸಿಯೇ ಮಲಗಬೇಕು. ಕಣ್ಣ ಕೆಳಗೆ ನೀಲಿಗಟ್ಟಿತ್ತು. ಬೇಡವೆಂದಿದ್ದ ಅಮ್ಮನೇ ರಾತ್ರಿಯಿಡೀ ಎದ್ದು ಕೂತು ಗಂಜಿ ಕುಡಿಸಿದರು.

ಹಾಗೆ ಎರಡು ದಿಂಬಿಗೆ ಒರಗಿ ಮೊಬೈಲಿನಲ್ಲಿ ಓದಿದ್ದು ಕವಾಸ್ಜಿಯ ಕತೆ. ಈತ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುವವ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಹಾಗೇ ಇದ್ದ. ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅದೇ ಅಳತೆಗೆ ಹಣೆಯ ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿದನಂತೆ. ಔಷಧ ಯಾವುದು ಗೊತ್ತೇ? ತಾಂಬೂಲಕ್ಕೆ ಹಾಕುವ ಕಾಚು, ಆಮೇಲೆ ತುಪ್ಪದ ಬಟ್ಟೆ! 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಇದನ್ನು ಚಿತ್ರಸಮೇತ ಅಚ್ಚು ಹಾಕಿತು. 1814ರಲ್ಲಿ ಅಲ್ಲಿನ ಜೋಸೆಫ್ ಕಾರ್ಪ್ಯೂ ಅದೇ ಕ್ರಮದಲ್ಲಿ ಆಪರೇಷನ್ ಮಾಡಿದ. ಪತ್ರಿಕೆಯಲ್ಲಿ ಕವಾಸ್ಜಿಯ ಹೆಸರಿದೆ, ಮೂಗು ಕಟ್ಟಿದವನ ಹೆಸರಿಲ್ಲ.

ಅವನಿಗೆ ಅದು ಮಾನದ ಪ್ರಶ್ನೆ. ನನ್ನದು ಅಷ್ಟು ದೊಡ್ಡದಲ್ಲ ಎನ್ನುವುದು ಗೊತ್ತು. ಆದರೂ ಶಾಲೆಯಲ್ಲಿ "ಗಿಳಿಮೂಗು" ಎಂದು ಕರೆಸಿಕೊಂಡವಳಿಗೆ ಅದರ ಭಾರ ತಿಳಿದಿರುತ್ತದೆ.

ವಾರದ ನಂತರ ಪಟ್ಟಿ ಬಿಚ್ಚಿದಾಗ ಕನ್ನಡಿ ನೋಡಿ ಅತ್ತೆ. ಊದಿಕೊಂಡ ಆಲೂಗಡ್ಡೆ! ಪೂರ್ತಿ ಬಾವು ಇಳಿಯಲು ವರ್ಷ ಬೇಕು, ತುದಿಯದ್ದು ಕೊನೆಗೆ. ಮಾಡಿಸುವವರು ಇದನ್ನು ಮೊದಲೇ ತಿಳಿದಿರಲಿ.

ಈಗ ಹದಿಮೂರು ತಿಂಗಳು. ಯಾರಾದರೂ ಪಕ್ಕದಿಂದ ಫೋಟೋ ತೆಗೆದರೆ ಮುಖ ತಿರುಗಿಸುವುದಿಲ್ಲ. ಅಮ್ಮ ಇನ್ನೂ ಚೆಂದ ಇದೆ ಎಂದಿಲ್ಲ. ತಮ್ಮ ಮೊಬೈಲಿನ ನನ್ನ ಹಳೆಯ ಫೋಟೋಗಳನ್ನು ಅಳಿಸಿಯೂ ಇಲ್ಲ. ಅಳಿಸಿ ಎಂದು ನಾನೂ ಹೇಳಿಲ್ಲ.