ಇಳಿಯದ ಜ್ವರದ ಎಚ್ಚರಿಕೆ

ಮಗುವಿಗೆ ನ್ಯುಮೋನಿಯಾ ಎಂದು ತಿಳಿದು ಔಷಧ ಆರಂಭಿಸಿದ ಮೇಲೆ ಹೆತ್ತವರಾದ ನಮಗೆ ತುಸು ನೆಮ್ಮದಿ ಮೂಡುವುದು ಸಹಜ. ಆದರೆ ಎರಡು ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ? ಔಷಧ ಹಿಡಿಯಲಿಲ್ಲವೆಂದು ಅದನ್ನು ನಿಲ್ಲಿಸುವುದಾಗಲಿ, ಇನ್ನೆರಡು ದಿನ ನೋಡೋಣವೆಂದು ಮನೆಯಲ್ಲೇ ಕಾಯುವುದಾಗಲಿ ತರವಲ್ಲ. ಇಳಿಯದ ಜ್ವರವು ಎದೆಯೊಳಗೆ ತೊಡಕು ಉಂಟಾಗಿರುವುದರ ಸೂಚನೆಯಾಗಿರಬಹುದು.

ಮೊದಲು ಉಸಿರನ್ನು ಗಮನಿಸೋಣ. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2 ತಿಂಗಳೊಳಗಿನ ಶಿಶುವಿನಲ್ಲಿ 60, ಒಂದು ವರ್ಷದೊಳಗಿನ ಮಗುವಿನಲ್ಲಿ 50, ಒಂದರಿಂದ ಐದು ವರ್ಷದವರಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಕಂಡರೆ ಅದು ವೇಗದ ಉಸಿರಾಟ. ಪಕ್ಕೆ ಸೆಳೆತವಿದ್ದರೆ, ಮಗು ಹಾಲು ಕುಡಿಯದೆ ಮಂಪರಿನಲ್ಲಿದ್ದರೆ, ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೆಲವು ಮಕ್ಕಳಲ್ಲಿ ಶ್ವಾಸಕೋಶದ ಸುತ್ತಲಿನ ಪೊರೆಗಳ ನಡುವೆ ನೀರು ತುಂಬಿ, ಬಳಿಕ ಅದು ಕೀವಾಗುತ್ತದೆ. ಇದೇ ಎಂಪೈಮಾ. ಗಟ್ಟಿಯಾದ ಕೀವಿನಲ್ಲಿ ಆಂಟಿಬಯಾಟಿಕ್ ಒಂದರಿಂದಲೇ ಗುಣ ಕಾಣುವುದು ಕಷ್ಟ. ಎಕ್ಸ್‌ರೇ ಇದರ ಸುಳಿವು ನೀಡಿದರೆ, ನೀರು ಎಷ್ಟಿದೆ, ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಯಾವ ರೋಗಾಣುವೆಂದು ಅರಿಯಲು ರಕ್ತವನ್ನೂ ಎದೆಯ ನೀರನ್ನೂ ಪರೀಕ್ಷಿಸುತ್ತಾರೆ.

ಅಗತ್ಯವಿದ್ದರೆ ಆಮ್ಲಜನಕ, ರಕ್ತನಾಳದ ಮೂಲಕ ಆಂಟಿಬಯಾಟಿಕ್, ಕೀವು ಹೆಚ್ಚಿದ್ದರೆ ಪಕ್ಕೆಲುಬುಗಳ ನಡುವಿನಿಂದ ಕೊಳವೆ: ಇವು ಚಿಕಿತ್ಸೆಯ ಮುಖ್ಯ ಹಂತಗಳು. ಕೀವು ಗೂಡುಗಟ್ಟಿದ್ದರೆ ಕೊಳವೆಯ ಮೂಲಕ ಅದನ್ನು ಸಡಿಲಿಸುವ ಔಷಧ ಹಾಕುತ್ತಾರೆ, ಇಲ್ಲವೆ ದೂರದರ್ಶಕ ಶಸ್ತ್ರಚಿಕಿತ್ಸೆ ನಡೆಸುತ್ತಾರೆ. ಪುಟ್ಟ ಎದೆಗೆ ಕೊಳವೆ ಎಂದಾಗ ತಾಯಿಯ ಕರುಳು ಕಿವುಚುತ್ತದೆ, ನಿಜ. ಆದರೆ ಆ ಭಯದಿಂದ ಒಪ್ಪಿಗೆಯನ್ನು ಮುಂದೂಡಿದಷ್ಟೂ ಕೀವು ಗಟ್ಟಿಯಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತ ಬಹುಪಾಲು ಮಕ್ಕಳ ಶ್ವಾಸಕೋಶ ಮತ್ತೆ ಪೂರ್ಣವಾಗಿ ಅರಳುತ್ತದೆ. ಮನೆಗೆ ಮರಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಔಷಧ ಕೊಡುವುದನ್ನು ಮರೆಯಬಾರದು.

ಬರುವ ಮುನ್ನವೇ ತಡೆಯುವ ದಾರಿಯೂ ಇದೆ. ನ್ಯುಮೋಕಾಕಸ್ ರೋಗಾಣುವಿನ ವಿರುದ್ಧದ ಲಸಿಕೆ 2021ರಲ್ಲಿ ದೇಶದ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. 6 ವಾರ, 14 ವಾರ ಹಾಗೂ 9 ತಿಂಗಳಿಗೆ ಸರಕಾರಿ ಕೇಂದ್ರಗಳಲ್ಲಿ ಇದು ಉಚಿತ. ನಮ್ಮ ಮನೆಯ ಮಗುವಿನ ಲಸಿಕೆ ಕಾರ್ಡನ್ನು ಇಂದೇ ತೆರೆದು ನೋಡೋಣ.