ಸೆರೆಯಲ್ಲಿರುವ ಮನೋರೋಗಿಗೆ ಸಮಾನ ಅನುಭವಿಯ ಆಸರೆ

ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ಹೊಸೂರು ರಸ್ತೆ ಚಿರಪರಿಚಿತ. ಜಯನಗರದ ಮಗ್ಗುಲಲ್ಲಿ ಈ ರಸ್ತೆಗೆ ಹೊಂದಿಕೊಂಡು ನಿಮ್ಹಾನ್ಸ್ ಸಂಸ್ಥೆಯಿದೆ. ಅದೇ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ಸಾಗಿದರೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ದಾರಿ ಸಿಗುತ್ತದೆ. ಮೊದಲನೆಯದು ರೋಗಿಗಳದು, ಎರಡನೆಯದು ಅಪರಾಧಿಗಳದು ಎಂದು ನಾವು ಎಣಿಸುತ್ತೇವೆ. ಆದರೆ ಬಂದಿಯೂ ರೋಗಿಯೂ ಒಬ್ಬನೇ ಆಗಿರುವುದು ವಿರಳವಲ್ಲ. ಅಂಥವನ ನೆರವಿಗೆ ವೈದ್ಯರೂ ವಕೀಲರೂ ಇರುತ್ತಾರೆ. ಅವರಿಬ್ಬರ ನಡುವೆ ಬೇಕಾದ ಮೂರನೆಯ ವ್ಯಕ್ತಿಯ ಕುರಿತು ಈ ಲೇಖನ.

ಸಮಸ್ಯೆಯ ಗಾತ್ರ

ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಅಧ್ಯಯನ ವರದಿಯೊಂದನ್ನು ಪ್ರಕಟಿಸಿದರು. ಮಾನಸಿಕ ಕಾಯಿಲೆ ಅಥವಾ ಮಾದಕ ವ್ಯಸನ ಇವುಗಳಲ್ಲಿ ಒಂದಾದರೂ ಶೇ. 79.6ರಷ್ಟು ಮಂದಿಯಲ್ಲಿ ಕಂಡುಬಂದಿತು. ವ್ಯಸನವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಶೇ. 27.6ರಷ್ಟು ಬಂದಿಗಳು, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು.

ಕೆಲವರಲ್ಲಿ ಕಾಯಿಲೆ ಮೊದಲೇ ಇರುತ್ತದೆ. ಕೆಲವರಲ್ಲಿ ಬಂಧನದ ಆಘಾತ, ನಿದ್ರಾಹೀನತೆ, ಮನೆಯವರ ಅಗಲಿಕೆ, ಮೊಕದ್ದಮೆಯ ಅನಿಶ್ಚಿತತೆ ಇವೆಲ್ಲ ಕೂಡಿ ಕಾಯಿಲೆ ತಲೆದೋರುತ್ತದೆ. ಸೆರೆಮನೆಗೆ ಕಾಲಿಟ್ಟ ಮೊದಲ ದಿನಗಳು ಹಾಗೂ ಬಿಡುಗಡೆಯ ನಂತರದ ಮೊದಲ ವಾರಗಳು ಅತ್ಯಂತ ಅಪಾಯಕಾರಿ. ಮಾತ್ರೆ ತಪ್ಪುವುದೂ ಆತ್ಮಹತ್ಯೆಯ ಯೋಚನೆ ಸುಳಿಯುವುದೂ ಈ ಎರಡು ಹೊಸ್ತಿಲುಗಳ ಬಳಿಯಲ್ಲೇ ಹೆಚ್ಚು.

ಕಾನೂನು ಕೇಳುವ ಒಬ್ಬ ಮನುಷ್ಯ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕೆಂದು ವಿಧಿಸುತ್ತದೆ. ತನ್ನ ಪರವಾಗಿ ವಾದಿಸಿಕೊಳ್ಳಲಾರದಷ್ಟು ಅಸ್ವಸ್ಥನಾದ ಆರೋಪಿಯ ವಿಚಾರಣೆಯನ್ನು ಮುಂದೂಡಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ಒಳರೋಗಿಯಾಗಿ ಇರಬೇಕಾದ ಅಗತ್ಯವಿಲ್ಲದಿದ್ದರೆ ಆತನನ್ನು ಜಾಮೀನಿನ ಮೇಲೆ ಬಿಡಲೂಬಹುದು. ಆದರೆ ಬಂಧು ಅಥವಾ ಸ್ನೇಹಿತನೊಬ್ಬನು ಮುಂದೆ ಬಂದು, ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇನೆ, ಈತನಿಂದ ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ಹೊಣೆ ಹೊರಬೇಕು.

ಆ ಒಬ್ಬ ಬಂಧು ಅಥವಾ ಸ್ನೇಹಿತನೇ ದೊರೆಯದೆ ಎಷ್ಟೋ ಜೀವಗಳು ಸೆರೆಯಲ್ಲೇ ಸವೆಯುತ್ತವೆ. ಅಸ್ಸಾಮಿನ ಮಚಲ್ ಲಾಲುಂಗ್ ಎಂಬುವರು 1951ರಲ್ಲಿ ಬಂಧಿತರಾಗಿ, ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟು, ಗುಣವಾದ ಮೇಲೂ ವಿಚಾರಣೆಯಿಲ್ಲದೆ ಉಳಿದು, ಬಿಡುಗಡೆಯಾದದ್ದು 2005ರಲ್ಲಿ. ಐವತ್ನಾಲ್ಕು ವರ್ಷ ಅವರ ಹೆಸರು ಹಿಡಿದು ವಿಚಾರಿಸುವವರು ಇರಲಿಲ್ಲ.

ಸಮಾನ ಅನುಭವಿ ಎಂದರೆ ಯಾರು?

ಮಾನಸಿಕ ಕಾಯಿಲೆಯನ್ನೂ ಬಂಧನವನ್ನೂ ಸ್ವತಃ ಅನುಭವಿಸಿ, ಚೇತರಿಸಿಕೊಂಡು, ತರಬೇತಿ ಪಡೆದು, ಅದೇ ಸಂಕಟದಲ್ಲಿರುವ ಇನ್ನೊಬ್ಬರಿಗೆ ಜೊತೆಯಾಗುವವರೇ ಸಮಾನ ಅನುಭವಿಗಳು. ಬಂದಿಯಾದ ರೋಗಿಗೆ ಎರಡು ಕಳಂಕಗಳಿವೆ: ಒಂದು ಹುಚ್ಚನೆಂಬುದು, ಇನ್ನೊಂದು ಕಳ್ಳನೆಂಬುದು. ಇಂಥವನು ವೈದ್ಯರ ಮುಂದೆ ಬಾಯಿ ಬಿಡಲು ಹಿಂಜರಿಯುತ್ತಾನೆ. ಹೇಳಿದ್ದೆಲ್ಲ ಮೊಕದ್ದಮೆಗೆ ಮುಳುವಾದೀತೆಂಬ ಅಂಜಿಕೆ ಅವನಿಗೆ. "ನಾನೂ ಇದೇ ಬ್ಯಾರಕ್ಕಿನಲ್ಲಿ ಇದ್ದೆ, ನನಗೂ ಹೀಗೆಯೇ ಧ್ವನಿಗಳು ಕೇಳುತ್ತಿದ್ದವು, ಮಾತ್ರೆಯಿಂದ ತಹಬಂದಿಗೆ ಬಂದವು" ಎಂದು ಒಬ್ಬನು ಹೇಳಿದಾಗ ಆ ಅಂಜಿಕೆ ಸಡಿಲವಾಗುತ್ತದೆ. ಚೇತರಿಕೆ ಸಾಧ್ಯವೆಂಬುದಕ್ಕೆ ಎದುರಿಗೆ ಕುಳಿತವನೇ ಸಾಕ್ಷಿ.

ಇಂಗ್ಲೆಂಡಿನ ಸಮಾರಿಟನ್ಸ್ ಸಂಸ್ಥೆಯು 1991ರಲ್ಲಿ ವೇಲ್ಸಿನ ಸ್ವಾನ್ಸೀ ಸೆರೆಮನೆಯಲ್ಲಿ ಬಂದಿಗಳಿಗೇ ತರಬೇತಿ ನೀಡಿ, ಸಹಬಂದಿಗಳ ಅಳಲನ್ನು ಆಲಿಸುವ ವ್ಯವಸ್ಥೆಯನ್ನು ಆರಂಭಿಸಿತು. ನಮ್ಮಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2023ರ ಜೂನ್ ತಿಂಗಳಲ್ಲಿ ಸೆರೆಮನೆಗಳಲ್ಲಿನ ಆತ್ಮಹತ್ಯೆ ತಡೆಗಾಗಿ ಹೊರಡಿಸಿದ ಸಲಹಾಪತ್ರದಲ್ಲಿ, ಅಪಾಯದಲ್ಲಿರುವವರನ್ನು ಗುರುತಿಸಲು ಆಯ್ದ ಬಂದಿಗಳಿಗೆ ತರಬೇತಿ ಕೊಡಬೇಕೆಂದೂ ಜೊತೆಗಾರರನ್ನು ಒದಗಿಸಬೇಕೆಂದೂ ಸೂಚಿಸಿದೆ.

ಮಾಡಬೇಕಾದದ್ದು, ಮಾಡಬಾರದ್ದು

ಸಮಾನ ಅನುಭವಿಯ ಕೆಲಸಗಳು ನೋಡಲು ಚಿಕ್ಕವು. ಹೊಸದಾಗಿ ಬಂದವನ ಬಳಿ ಕುಳಿತು ಮಾತು ಕೇಳುವುದು, ಮಾತ್ರೆಯ ಹೊತ್ತನ್ನು ನೆನಪಿಸುವುದು, ವೈದ್ಯರಿಗೆ ಹೇಳಬೇಕಾದದ್ದನ್ನು ಮುಂಚೆಯೇ ಜೋಡಿಸಿಕೊಳ್ಳಲು ನೆರವಾಗುವುದು. ಬಿಡುಗಡೆಯ ನಂತರ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಜೊತೆ ನಿಲ್ಲುವುದು, ನ್ಯಾಯಾಲಯದ ವಾಯಿದೆ ತಪ್ಪದಂತೆ ನೋಡಿಕೊಳ್ಳುವುದು. ವಾಯಿದೆ ತಪ್ಪಿದರೆ ವಾರಂಟು, ವಾರಂಟಾದರೆ ಪುನಃ ಬಂಧನ, ಬಂಧನವಾದರೆ ಚಿಕಿತ್ಸೆಗೆ ಭಂಗ. ಈ ಸರಪಳಿ ಎಷ್ಟೋ ವೇಳೆ ಜೊತೆ ಬರುವ ಒಬ್ಬನಿಂದ ತುಂಡಾಗುತ್ತದೆ.

ಇದಕ್ಕೆ ಮಿತಿಗಳೂ ಉಂಟು. ಸಮಾನ ಅನುಭವಿ ವೈದ್ಯನಲ್ಲ; ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡುವ, ನಿಲ್ಲಿಸುವ ಸಲಹೆಯನ್ನು ಆತ ಕೊಡತಕ್ಕದ್ದಲ್ಲ. ಆತ್ಮಹತ್ಯೆಯ ಸೂಚನೆ ಕಂಡರೆ ಗುಟ್ಟಾಗಿಡದೆ ತಕ್ಷಣ ವೈದ್ಯಾಧಿಕಾರಿಗೆ ತಿಳಿಸಬೇಕು. ಹೀಗೆ ತಿಳಿಸುವೆನೆಂಬುದನ್ನು ಮೊದಲೇ ಹೇಳಿರಬೇಕು. ಬಂದಿಗಳ ನಡುವೆ ಬಲಾಢ್ಯನಾದವನಿಗೆ ಈ ಹೊಣೆ ವಹಿಸಿದರೆ ಅದು ದಬ್ಬಾಳಿಕೆಗೆ ದಾರಿಯಾದೀತು. ಆದ್ದರಿಂದ ಆಯ್ಕೆ, ತರಬೇತಿ, ತಜ್ಞರ ಮೇಲ್ವಿಚಾರಣೆ ಮೂರೂ ಅವಶ್ಯ. ಆಸರೆಯಾಗುವವನಿಗೂ ಆಯಾಸವಿದೆ, ಕಾಯಿಲೆ ಮರುಕಳಿಸುವ ಭಯವಿದೆ ಎಂಬುದನ್ನು ಮರೆಯಲಾಗದು.

ಮನೆಯವರು ಮತ್ತು ನೆರೆಹೊರೆಯವರು

ಸದ್ಭಕ್ತರ ಮನೆಗಳಲ್ಲಿಯೂ ಇಂತಹ ಸಂಕಟ ಬಂದೊದಗಬಹುದು. ಆಗ ಬಾಗಿಲು ಮುಚ್ಚಿಕೊಂಡು ಕೂರಬಾರದು. ರೋಗಿಯ ಹಳೆಯ ಔಷಧ ಚೀಟಿ ಹಾಗೂ ಆಸ್ಪತ್ರೆಯ ದಾಖಲೆಗಳ ಪ್ರತಿಗಳನ್ನು ಕೂಡಲೇ ಸೆರೆಮನೆಯ ವೈದ್ಯಾಧಿಕಾರಿಗೂ ವಕೀಲರಿಗೂ ತಲುಪಿಸಬೇಕು. ಬಂಧನದಲ್ಲಿರುವವರಿಗೂ ಮಾನಸಿಕ ಅಸ್ವಸ್ಥರಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದು. ಮನಸ್ಸು ಕುಗ್ಗಿದ ಮನೆಯವರು 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಬಿಡುಗಡೆಯಾಗಿ ಬಂದವನು ಬನಶಂಕರಿಯ ಯಾವುದೋ ಬೀದಿಯ ತನ್ನ ಮನೆಗೆ ಮರಳಿದಾಗ ನೆರೆಯವರು ಮುಖ ತಿರುಗಿಸಿದರೆ, ಅಷ್ಟು ದಿನ ಅವನಲ್ಲಿ ತುಂಬಿದ ಧೈರ್ಯ ಒಂದೇ ಸಂಜೆಗೆ ಕರಗಿಹೋಗುತ್ತದೆ. ಅವನನ್ನು ಹೆಸರು ಹಿಡಿದು ಕರೆದು, ಊಟವಾಯಿತೇ ಎಂದು ಕೇಳಿ, ಕೈಲಾಗುವ ಕಾಯಕವೊಂದನ್ನು ಒದಗಿಸಿಕೊಡುವುದಕ್ಕೆ ಯಾವ ತರಬೇತಿಯೂ ಬೇಕಿಲ್ಲ.