ಹೆಸರು ಹೊತ್ತ ಕೊಡ ತನ್ನ ಮನೆಗೆ ಮರಳಿದ ಬಗೆ

ನಮ್ಮ ಹಿರಿಯರು ಪಾತ್ರೆಯ ಮೇಲೆ ಹೆಸರು ಹಾಕಿಸುತ್ತಿದ್ದರು. ಮದುವೆಯಲ್ಲಿ ಕೊಟ್ಟ ಕೊಡವಿರಲಿ, ತೊಟ್ಟಿಲ ಶಾಸ್ತ್ರಕ್ಕೆ ತಂದ ತಟ್ಟೆಯಿರಲಿ, ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳಲ್ಲಿ ಹೆಸರು, ಊರು, ಇಸವಿ ಮೂಡಿದ ಮೇಲೆಯೇ ಅದು ಮನೆಯ ಆಸ್ತಿ ಎನಿಸುತ್ತಿತ್ತು. ಆ ಅಕ್ಷರಗಳ ಬೆಲೆ ಏನೆಂಬುದು ನಮಗೆ ಅರಿವಾದದ್ದು ಭದ್ರಾವತಿಯ ನ್ಯೂ ಟೌನಿನ ಒಂದು ಗುಜರಿ ಅಂಗಡಿಯಲ್ಲಿ.

ನ್ಯೂ ಟೌನ್ ಕಾರ್ಖಾನೆಯನ್ನು ನಂಬಿ ಬೆಳೆದ ಬಡಾವಣೆ. ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರಿನಲ್ಲಿ 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ತೊಡಗಿತು. ನಾಡಿನ ನಾನಾ ಕಡೆಗಳಿಂದ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಆದರೆ ಕಾರ್ಖಾನೆಯ ವಸತಿಗೃಹ ಸೇವೆ ಇರುವವರೆಗೆ ಮಾತ್ರ ತಮ್ಮದು. ನಿವೃತ್ತಿಯಾದೊಡನೆ ಮನೆ ತೆರವು ಮಾಡಬೇಕು. 1936ರಲ್ಲಿ ಸ್ಥಾಪಿತವಾದ ಇಲ್ಲಿನ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಊರಿಗೆ ಊರೇ ಕಳವಳಗೊಂಡಿತು. ಹೀಗೆ ಚದುರಿದ ಸಂಸಾರಗಳು ಅಟ್ಟದ ಮೇಲೆ ಬಿಟ್ಟುಹೋದ ವಸ್ತುಗಳಿಗೆ ಕೊನೆಯ ತಂಗುದಾಣ ಗುಜರಿ ಅಂಗಡಿಯೇ.

ಅಲ್ಲಿ ನಾವು ಕಂಡದ್ದು ಒಂದು ಹಿತ್ತಾಳೆಯ ಕೊಡ. ಕಂಠದ ಸುತ್ತ ಒಬ್ಬ ಹೆಣ್ಣುಮಗಳ ಹೆಸರು, ಹೊನ್ನಾಳಿ ಸೀಮೆಯ ಒಂದು ಹಳ್ಳಿಯ ಹೆಸರು, 1951 ಎಂಬ ಇಸವಿ. ಹುಣಿಸೆಹಣ್ಣು ಹಚ್ಚಿ ವರ್ಷಗಟ್ಟಲೆ ತಿಕ್ಕಿದ್ದರಿಂದ ಅಕ್ಷರಗಳು ಅರ್ಧ ಸವೆದಿದ್ದವು. ಅದು ಕರಗುವ ಕುಲುಮೆಗೆ ಹೋಗುವುದಿತ್ತು. ತೂಕದ ಬೆಲೆ ಕೊಟ್ಟು ಮನೆಗೆ ತಂದೆವು.

ಆ ಹಳ್ಳಿಗೆ ಹೋಗಿ ವಿಚಾರಿಸಿದೆವು. ಹಿರಿಯರೊಬ್ಬರು, ಇಂಥ ಮನೆಯ ಹುಡುಗಿಯನ್ನು ಭದ್ರಾವತಿಯ ಕಾರ್ಖಾನೆಯವರಿಗೆ ಕೊಟ್ಟದ್ದು ನೆನಪಿದೆ ಎಂದರು. ಆದರೆ ಆ ಮನೆತನವೂ ಊರು ಬಿಟ್ಟಿತ್ತು. ಮುಂದಿನ ದಾರಿ ತೋರಿದವರು ಹೆಳವರು. ಎತ್ತಿನ ಮೇಲೆ ಕುಳಿತು ಊರೂರು ಸುತ್ತಿ, ಒಕ್ಕಲಿನ ಮನೆಯ ಮುಂದೆ ನಿಂತು ಬೆಡಗು, ಮೂಲಸ್ಥಳ, ತಲೆತಲಾಂತರದ ಹೆಸರುಗಳನ್ನು ಹೇಳುತ್ತಿದ್ದ ಈ ಜನರನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಆ ಮನೆತನಕ್ಕೆ ಬರುವ ಹೆಳವರು ತಮ್ಮ ಪುಸ್ತಕ ತೆರೆದು, ಹುಡುಗಿಯ ಅಣ್ಣತಮ್ಮಂದಿರ ಮಕ್ಕಳು ಯಾವ ಊರಿಗೆ ಹೋದರೆಂದು ಹೇಳಿದರು. ಆ ಪುಸ್ತಕದಲ್ಲಿ ಗಂಡುಮಕ್ಕಳ ಸಾಲು ತಪ್ಪಿಲ್ಲದೆ ಇತ್ತು. ಆ ಹೆಣ್ಣುಮಗಳ ಹೆಸರು ಮಾತ್ರ ಇರಲಿಲ್ಲ.

ಅಣ್ಣನ ಮೊಮ್ಮಗನಿಂದ ಆಕೆಯ ಮೊಮ್ಮಗಳ ವಿಳಾಸ ದೊರೆಯಿತು. ದೂರವಾಣಿಯಲ್ಲಿ ಮಾತನಾಡಿದಾಗ ಆಕೆ, "ಹಳೆಯ ಕೊಡ ಇಟ್ಟುಕೊಳ್ಳಲು ನಮ್ಮ ಮನೆಯಲ್ಲಿ ಜಾಗವೆಲ್ಲಿದೆ?" ಎಂದರು. ನಮಗೆ ನಿರಾಸೆಯಾಯಿತು. ಕ್ಷಣ ಬಿಟ್ಟು ಅವರೇ, "ಅದರ ತಳದಲ್ಲಿ ಬೆಸುಗೆ ಹಾಕಿದ ಗುರುತಿದೆಯೇ?" ಎಂದು ಕೇಳಿದರು. ಇತ್ತು. ಅದನ್ನು ನಾವು ಯಾರಿಗೂ ಹೇಳಿರಲಿಲ್ಲ.

ಮರುವಾರ ಬಂದ ಆಕೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಭಾವಚಿತ್ರವೂ ಮನೆಯಲ್ಲಿ ಉಳಿದಿಲ್ಲ. ಅಜ್ಜಿಯ ಹೆಸರನ್ನು ಬರೆದ ರೂಪದಲ್ಲಿ ತಾವು ನೋಡಿದ್ದು ಅದೇ ಮೊದಲು ಎಂದರು. ಜಾಗವಿಲ್ಲವೆಂದವರು ಕೊಡವನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸು ಹತ್ತಿದರು.

ಮನೆಯಲ್ಲಿದ್ದುದರ ಬೆಲೆ ಮನೆಯವರಿಗೇ ತಿಳಿಯದಿರುವುದು ಹೊಸತಲ್ಲ. ವಿಜಾಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ಓಲೆಗರಿಗಳನ್ನು ಸಂಗ್ರಹಿಸಿದಾಗ, ಎಷ್ಟೋ ಕಡೆ ಕಟ್ಟುಗಳು ಓದಿಗೆ ದೊರೆಯದೆ ಪೂಜೆಯ ಜಗಲಿಯ ಮೇಲೆಯೇ ಉಳಿದಿದ್ದವು. ಅವರ 'ವಚನಶಾಸ್ತ್ರಸಾರ' ಪ್ರಕಟವಾದದ್ದು 1923ರಲ್ಲಿ. ಭದ್ರಾವತಿಯ ಕುಲುಮೆ ಹೊತ್ತಿದ್ದೂ ಅದೇ ವರ್ಷ. ಹಳಕಟ್ಟಿಯವರು ಮಾಡಿದ್ದು ಒಂದರ್ಥದಲ್ಲಿ ವಾರಸುದಾರರಿಗೆ ಸ್ವತ್ತನ್ನು ಹಿಂದಿರುಗಿಸುವ ಕಾಯಕವೇ. ಅಲ್ಲಿ ವಾರಸುದಾರರು ಇಡೀ ಕನ್ನಡನಾಡು.

ಹೊರದೇಶಗಳಲ್ಲಿಯೂ ಇಂಥ ಕಾರ್ಯ ನಡೆದಿದೆ. ಜರ್ಮನಿಯ ಬಾಡ್ ಆರೋಲ್ಸೆನ್ ಎಂಬ ಊರಿನ ದಾಖಲೆಗಾರವು ನಾಜಿ ಸೆರೆಶಿಬಿರಗಳಲ್ಲಿ ಬಂದಿಗಳಿಂದ ಕಸಿದ ಗಡಿಯಾರ, ಉಂಗುರ, ಪತ್ರ, ಭಾವಚಿತ್ರಗಳನ್ನು ಅವರ ಮಕ್ಕಳು ಮೊಮ್ಮಕ್ಕಳಿಗೆ ತಲುಪಿಸಲು 2016ರಿಂದ ವಿಶೇಷ ಪ್ರಯತ್ನ ಆರಂಭಿಸಿತು. ಪೇಟೆಯಲ್ಲಿ ಬೆಲೆಬಾಳದ ವಸ್ತುಗಳೇ ಹೆಚ್ಚು. ಪಡೆದವರಿಗೆ ಮಾತ್ರ ಅವು ಅಮೂಲ್ಯ.

ಓದುಗ ಬಂಧುಗಳಿಗೂ ಇಂಥ ವಸ್ತು ಸಿಗಬಹುದು. ಆಗ ಮೊದಲು ತಿಕ್ಕಿ ತೊಳೆಯಬಾರದು. ಅಕ್ಷರ ಅಳಿದರೆ ವಿಳಾಸವೇ ಅಳಿದಂತೆ. ಸಿಕ್ಕ ಸ್ಥಳ, ದಿನ ಬರೆದಿಟ್ಟು, ಭಾವಚಿತ್ರ ತೆಗೆದಿಡಬೇಕು. ವಿಚಾರಿಸುವಾಗ ಒಂದು ಗುರುತನ್ನು ಗುಟ್ಟಾಗಿರಿಸಬೇಕು. ಅದನ್ನು ಹೇಳಬಲ್ಲವರೇ ನಿಜವಾದ ವಾರಸುದಾರರು. 1872ರ ಕರಾರು ಕಾಯ್ದೆಯ ಪ್ರಕಾರ, ಸಿಕ್ಕ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನು ಅದನ್ನು ಜೋಪಾನ ಮಾಡುವ ಹೊಣೆಗಾರ. ನೆಲದಲ್ಲಿ ಹೂತ ನಿಧಿ ಸಿಕ್ಕರೆ ಮಾತು ಬೇರೆ. ಅದಕ್ಕೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯಿದ್ದು, ಸರಕಾರಕ್ಕೆ ತಿಳಿಸಲೇಬೇಕು. ಓಲೆಗರಿ ಸಿಕ್ಕಿ ಮನೆಯವರು ಪತ್ತೆಯಾಗದಿದ್ದರೆ, ನಮ್ಮ ಜಿಲ್ಲೆಯಲ್ಲಿಯೇ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಕೆಳದಿಯ ವಸ್ತುಸಂಗ್ರಹಾಲಯವಿದೆ. ಅಲ್ಲಿ ನೂರಾರು ಕಟ್ಟುಗಳು ಸುರಕ್ಷಿತವಾಗಿವೆ.

ಇದಕ್ಕಿಂತ ಸುಲಭವಾದ ಕೆಲಸ ಇನ್ನೊಂದಿದೆ. ಅಜ್ಜನ ಬೆಳ್ಳಿಯ ಕರಡಿಗೆ, ಅಜ್ಜಿಯ ತೊಟ್ಟಿಲು, ತಾಯಿಯ ತವರಿನ ಕೊಡ, ಇವು ಯಾರವು, ಎಲ್ಲಿಂದ ಬಂದವು ಎಂಬುದನ್ನು ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡೋಣ. ಆ ಹಾಳೆಯಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಮರೆಯದೆ ಬರೆಯೋಣ.